ಕಟಕಟೆಯಲ್ಲಿ ಮತ್ತೆ ತಾಯಿಯೇ?

ಓದುಗರ ಪತ್ರ: ಬಸುರಿಯರು ನುಂಗುವ ಪ್ಯಾರಸಿಟಮಾಲ್‌ನಿಂದ ಮಗುವಿಗೆ ಆಟಿಸಂ (ಮಾತು, ಬೆರೆಯುವಿಕೆ ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ಬರುತ್ತದೆಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಅವರೇ ಹೇಳಿದ್ದಾರೆ. ಲಸಿಕೆಯ ಮೇಲೂ ಅನುಮಾನವಿದೆ. ನೀವು ಎರಡೂ ಕಡೆಯ ವಾದ ಪ್ರಕಟಿಸಬಾರದೇಕೆ?

ಸಂಪಾದಕರ ಉತ್ತರ: ನಿಮ್ಮ ಕಾಳಜಿ ಸಾಚಾ. ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ, ಆಟಿಸಂಗೆ ವಂಶವಾಹಿಯೊಂದೇ ಕಾರಣವಲ್ಲ. ಮೂರ್ಛೆರೋಗದ ವಾಲ್ಪ್ರೋಯೇಟ್ ಔಷಧ ಬಸುರಿನಲ್ಲಿ ಅಪಾಯ ಹೆಚ್ಚಿಸುತ್ತದೆ. ತಂದೆಯ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಆದರೆ ತಂದೆಯ ವಯಸ್ಸಿನ ಬಗ್ಗೆ ಯಾವ ಅಧ್ಯಕ್ಷರೂ ಪತ್ರಿಕಾಗೋಷ್ಠಿ ಕರೆಯಲಿಲ್ಲ, ನೋಡಿ!

ಇದು ಹಳೆಯ ಚಾಳಿ. ಮನಶ್ಶಾಸ್ತ್ರಜ್ಞ ಬ್ರೂನೋ ಬೆಟಲ್‌ಹೈಮ್ ಕಾಲದಲ್ಲಿ, ಪ್ರೀತಿ ತೋರದ 'ರೆಫ್ರಿಜರೇಟರ್ ತಾಯಿ'ಯೇ ಕಾರಣ ಎಂದರು. 1977ರಲ್ಲಿ ಸಂಶೋಧಕರಾದ ಫೋಲ್‌ಸ್ಟೀನ್ ಮತ್ತು ರಟರ್ 21 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು, ತದ್ರೂಪಿಯಲ್ಲದ ಉಳಿದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಅಂದರೆ ವಂಶವಾಹಿ ಒಂದೇ ಆದವರಲ್ಲಷ್ಟೇ ಇಬ್ಬರಿಗೂ ಬಂದಿತ್ತು. ಮುದ್ದು ಮಾಡಲಿಲ್ಲವೆಂಬ ಆರೋಪ ಅಲ್ಲಿಗೇ ಮುಗಿಯಬೇಕಿತ್ತು.

ಮುಗಿಯಲಿಲ್ಲ. 1998ರಲ್ಲಿ ಬ್ರಿಟನ್ನಿನ ವೈದ್ಯ ವೇಕ್‌ಫೀಲ್ಡ್ 12 ಮಕ್ಕಳನ್ನು ಮುಂದಿಟ್ಟುಕೊಂಡು ದಡಾರ, ಮಂಗಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಯತ್ತ ಬೆರಳು ತೋರಿದರು. ಲಸಿಕೆ ಕಂಪನಿಗಳ ಮೇಲೆ ದಾವೆಗೆ ಸಿದ್ಧವಾಗಿದ್ದ ವಕೀಲರಿಂದ ಅವರಿಗೆ ಹಣ ಸಂದಿತ್ತು. 2010ರಲ್ಲಿ ವೈದ್ಯಕೀಯ ನಿಯತಕಾಲಿಕೆ 'ಲ್ಯಾನ್ಸೆಟ್' ಆ ಲೇಖನವನ್ನು ಹಿಂತೆಗೆದುಕೊಂಡಿತು, ಅವರ ವೈದ್ಯ ನೋಂದಣಿಯೂ ಹೋಯಿತು. ಜಪಾನ್ 1993ರಲ್ಲೇ ಎಂಎಂಆರ್ ನಿಲ್ಲಿಸಿತ್ತು. ಆದರೂ ಯೊಕೊಹಾಮಾದಲ್ಲಿ ಆಟಿಸಂ ಪ್ರಕರಣಗಳು ಏರುತ್ತಲೇ ಹೋದವು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ಅನುಸರಿಸಿದ 2019ರ ಅಧ್ಯಯನಕ್ಕೂ ನಂಟು ಸಿಗಲಿಲ್ಲ. ಲಸಿಕೆ ಹಾಕುವ ವಯಸ್ಸೂ ಆಟಿಸಂನ ಲಕ್ಷಣ ಕಣ್ಣಿಗೆ ಬೀಳುವ ವಯಸ್ಸೂ ಹತ್ತಿರ ಹತ್ತಿರ. ಗೊಂದಲದ ಬೇರು ಅಲ್ಲಿದೆ.

ಈಗ ಮಾತ್ರೆಯ ಸರದಿ. ಮಾತ್ರೆ ನುಂಗಿದವಳಿಗೆ ಜ್ವರವೋ ಮೈಗ್ರೇನೋ ಇದ್ದೀತು, ನುಂಗದವಳಿಗೆ ಇರದು. ಇಬ್ಬರ ಮಕ್ಕಳನ್ನು ಹೋಲಿಸಿದರೆ ವ್ಯತ್ಯಾಸ ಮಾತ್ರೆಯದೋ ಕಾಯಿಲೆಯದೋ ರಕ್ತಗುಣದ್ದೋ ತಿಳಿಯದು. ಸ್ವೀಡನ್ನಿನ ಸಂಶೋಧಕರು ಸುಮಾರು 25 ಲಕ್ಷ ಮಕ್ಕಳ ದಾಖಲೆ ತೆಗೆದರು. ಮೊದಲ ಲೆಕ್ಕದಲ್ಲಿ ಅಪಾಯ ಚೂರು ಹೆಚ್ಚೇ ಕಂಡಿತು. ಒಂದೇ ತಾಯಿಯ ಮಕ್ಕಳನ್ನು, ಒಂದು ಬಸುರಿನಲ್ಲಿ ಮಾತ್ರೆ, ಇನ್ನೊಂದರಲ್ಲಿ ಇಲ್ಲ ಎಂಬಂತೆ ಹೋಲಿಸಿದಾಗ ಅದು ಮಾಯವಾಯಿತು. 2024ರಲ್ಲೇ ಪ್ರಕಟವಾದ ಸಂಗತಿಯಿದು, ಅಧ್ಯಕ್ಷರು ಮಾತಾಡಿದ್ದು ಮರುವರ್ಷ. ಅವರ ಮಾತು ನಂಬಿ ಬಸುರಿ ಹೆಂಗಸು ಸುಡುವ ಜ್ವರವನ್ನು ಹಲ್ಲುಕಚ್ಚಿ ಸಹಿಸಿದರೆ ಅಪಾಯ ಹೊಟ್ಟೆಯಲ್ಲಿರುವ ಕೂಸಿಗೇ.

'ಎರಡೂ ಕಡೆ' ಎನ್ನುವ ನೀವು ಪತ್ರಿಕೆಗಳ ಪಾಲಿನ ತಪ್ಪನ್ನೂ ಗಮನಿಸಬೇಕು. 25 ಲಕ್ಷ ದಾಖಲೆಗೂ ಒಂದು ಅನುಮಾನಕ್ಕೂ ಸಮ ಅಳತೆಯ ಕಾಲಂ ಕೊಡುವುದನ್ನು ನಿಷ್ಪಕ್ಷಪಾತ ಎಂದು ನಾನು ಕರೆಯಲಾರೆ. 2017ರ ದಡಾರ-ರುಬೆಲ್ಲಾ ಅಭಿಯಾನದಲ್ಲಿ ನಮ್ಮ ರಾಜ್ಯದಲ್ಲೂ ವಾಟ್ಸ್ಆ್ಯಪ್ ವದಂತಿ ಎಷ್ಟು ತಾಯಂದಿರ ನಿದ್ದೆ ಕೆಡಿಸಿತು!

ಆಟಿಸಂನ ಅನುಮಾನ ಬಂದರೆ ಮಾಡಬೇಕಾದ್ದಿಷ್ಟು: ವರ್ಷ ತುಂಬಿದ ಮಗು ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ಬೆರಳು ಮಾಡಿ ತೋರಿಸದಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಬಳಿಕ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ತಪಾಸಣೆ ಎಲ್ಲಿ ನಡೆಯುತ್ತದೆಂದು ವಿಚಾರಿಸಿ. 'ಗಂಡುಮಕ್ಕಳು ತಡವಾಗಿ ಮಾತಾಡುತ್ತವೆ' ಎನ್ನುವ ಹಿರಿಯರಿಗೆ ಕೈಮುಗಿದು, ಅದೇ ವಾರ ಹೊರಡಿ.