ಬೇಕಾದ ಪದವಿ ಯಾವ ಕಾಲೇಜಿನಲ್ಲೂ ಇಲ್ಲದಿದ್ದರೆ?

ಪ್ರಶ್ನೆ: ಪಿಯುಸಿ ವಿಜ್ಞಾನ ಮುಗಿಸಿದ್ದೇನೆ. ಬಿಎಸ್ಸಿ ಕೃಷಿ ಸೀಟು ಸಿಗಲಿಲ್ಲ. ನಮ್ಮ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಗದ್ದೆಗಳು ಉಪ್ಪೇರಿ, ನೀರು ನಿಂತು ಸವಳು-ಜವಳಾಗುತ್ತಿವೆ. ಮಣ್ಣು, ನಕಾಶೆ, ರೈತರ ಖರ್ಚುವೆಚ್ಚ ಮೂರನ್ನೂ ಕೂಡಿಸಿ ಓದುವಾಸೆ. ಅಮೆರಿಕದಲ್ಲಿ ವಿದ್ಯಾರ್ಥಿಯೇ ಪದವಿ ರೂಪಿಸಿಕೊಳ್ಳಬಹುದಂತೆ. ಇಲ್ಲಿ ಆಗುತ್ತದೆಯೇ?
– ಓದುಗ, ಗಂಗಾವತಿ

ಉತ್ತರ: ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗ್ಯಾಲಟಿನ್ ಸ್ಕೂಲಿನಲ್ಲಿ ಅಂಥ ಪದವಿ ಇದೆ. ವಿದ್ಯಾರ್ಥಿ ಸಲಹೆಗಾರರ ಜೊತೆ ಕೂತು ಕೋರ್ಸು ಆಯ್ದುಕೊಳ್ಳುತ್ತಾರೆ, ಕೊನೆಗೆ ಅಧ್ಯಾಪಕರೆದುರು ಮೌಖಿಕವಾಗಿ ಉತ್ತರಿಸುತ್ತಾರೆ. ನಮ್ಮ ಸಾಮಾನ್ಯ ಬಿಎಸ್ಸಿಯಲ್ಲಿ ಅಷ್ಟು ಸಡಿಲವಿಲ್ಲ. 2024-25ರಿಂದ ರಾಜ್ಯದ ಪದವಿ ಮತ್ತೆ 3 ವರ್ಷದ್ದು, ಕಾಲೇಜು ಕೊಟ್ಟ ಕಾಂಬಿನೇಷನ್‌ಗಳಲ್ಲೇ ಆರಿಸಬೇಕು. ಆದರೂ ಜೋಡಿಸಿಕೊಳ್ಳಲು ಜಾಗವಿದೆ.

ಪ್ರಯೋಗಾಲಯ ಬೇಕಾದದ್ದನ್ನು ಕಾಲೇಜಿನಲ್ಲಿ ಓದಿ, ಮಿಕ್ಕದ್ದನ್ನು ಹೊರಗಿನಿಂದ ತನ್ನಿ. ಅಂದರೆ ರಸಾಯನಶಾಸ್ತ್ರ ಇರುವ ಕಾಂಬಿನೇಷನ್ನೇ ಹಿಡಿಯಿರಿ. ಟೈಟ್ರೇಷನ್ ಮೊಬೈಲಿನಲ್ಲಿ ಕಲಿಯುವುದಲ್ಲ. ನಕಾಶೆ, ಕೃಷಿ ಅರ್ಥಶಾಸ್ತ್ರಕ್ಕೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ಸ್ವಯಂ ಪೋರ್ಟಲ್ ನೋಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮದಂತೆ ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಅಲ್ಲಿಂದ ತರಬಹುದು. ಅಲ್ಲಿ ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಕೋರ್ಸಾದರೆ ಅಸೈನ್‌ಮೆಂಟಿನ 25ರಲ್ಲಿ 10, ಪರೀಕ್ಷೆಯ 75ರಲ್ಲಿ 30 ಬರಬೇಕು. ಪರೀಕ್ಷೆ ಕೇಂದ್ರಕ್ಕೆ ಹೋಗಿಯೇ ಬರೆಯಬೇಕು.

ಹೆಚ್ಚಿನವರು ಎಡವುವುದು ಅನುಮತಿಯ ವಿಷಯದಲ್ಲಿ. ಕೋರ್ಸು ಮುಗಿಸಿ ಸರ್ಟಿಫಿಕೇಟ್ ಹಿಡಿದು ಪ್ರಿನ್ಸಿಪಾಲರ ಬಳಿ ಹೋದರೆ ಕೆಲಸವಾಗದು. ನೋಂದಾಯಿಸುವ ಮೊದಲೇ ಯಾವ ಪತ್ರಿಕೆಗೆ ಬದಲು, ಎಷ್ಟು ಕ್ರೆಡಿಟ್ ಎಂದು ಬರಹದಲ್ಲಿ ಪಡೆಯಿರಿ. 12 ವಾರದ ಕೋರ್ಸಿಗೆ 3 ಕ್ರೆಡಿಟ್. ನಿಮ್ಮ ಪತ್ರಿಕೆ 4 ಕ್ರೆಡಿಟ್‌ದಾಗಿದ್ದರೆ ಉಳಿದ ಒಂದು ಎಲ್ಲಿಂದ ಎಂಬುದೂ ಅದೇ ಪತ್ರದಲ್ಲಿರಲಿ. ಗಳಿಸಿದ ಕ್ರೆಡಿಟ್ ಜಮೆಯಾಗುವ ಅಕಾಡೆಮಿಕ್ ಬ್ಯಾಂಕ್‌ನ ಐಡಿಯನ್ನು ಡಿಜಿಲಾಕರಿನಲ್ಲಿ ಈಗಲೇ ಮಾಡಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ ಇದ್ದರೆ ಹೆಸರು ಹೊಂದದೆ ತೊಡಕಾಗುತ್ತದೆ.

ಜೊತೆಗೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಬಿಎ ಮಾಡುವ ದಾರಿಯೂ ಇದೆ. ಏಕಕಾಲಕ್ಕೆ ಎರಡು ಪದವಿಗೆ ಯುಜಿಸಿ 2022ರಲ್ಲಿ ಒಪ್ಪಿದೆ. ನಾವು ಇದನ್ನು ಅಷ್ಟಾಗಿ ಹೇಳುವುದಿಲ್ಲ: ಪರೀಕ್ಷೆಗಳು ಒಂದೇ ದಿನ ಬಿದ್ದರೆ ಒಂದು ಕೈಬಿಟ್ಟಂತೆಯೇ.

ಮೂರನ್ನೂ ಕೂಡಿಸುವುದು ಕೊನೆಯ ವರ್ಷದ ಪ್ರಾಜೆಕ್ಟ್. ಒಂದು ವಿತರಣಾ ಕಾಲುವೆಯ ತಲೆ, ನಡು, ಕೊನೆಯ ಹೊಲಗಳಿಂದ ಮಣ್ಣು ತೆಗೆದು ಉಪ್ಪಿನಂಶ ಅಳೆಯಿರಿ, ಕ್ಯೂಜಿಐಎಸ್ ಎಂಬ ನಕಾಶೆ ತಂತ್ರಾಂಶದಲ್ಲಿ ಗುರುತಿಸಿ, ಆ ಹೊಲಗಳದ್ದೇ ಭತ್ತದ ಖರ್ಚು-ಇಳುವರಿ ಬರೆದುಕೊಳ್ಳಿ. ಇಲ್ಲೊಂದು ಎಚ್ಚರ. ಸವಳು ಎನ್ನಲು ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಬೇಕೆಂಬ ಲೆಕ್ಕ, ನೀರು ತುಂಬಿ ಕೆಸರಾದ ಮಣ್ಣಿನಿಂದ ಹಿಂಡಿ ತೆಗೆದ ದ್ರಾವಣದ್ದು. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆದರೆ ಅಂಕಿ ಬಹಳ ಕಡಿಮೆ ಬರುತ್ತದೆ. ಎರಡನ್ನೂ ಒಂದೇ ಎಂದುಕೊಂಡರೆ ಕೆಟ್ಟ ಹೊಲವೂ ಒಳ್ಳೆಯದೆನಿಸೀತು. ಯಾವ ಪದ್ಧತಿಯೆಂದು ಲ್ಯಾಬಿನಲ್ಲಿ ಕೇಳಿ. ಈ ಮಣ್ಣಿನ ಬಗ್ಗೆಯೇ ಕೆಲಸ ಮಾಡುವ ಕೃಷಿ ಸಂಶೋಧನಾ ಕೇಂದ್ರ ನಿಮ್ಮೂರಲ್ಲೇ ಇದೆ. ಕಾಲೇಜಿನ ಪತ್ರ ಹಿಡಿದು ಎರಡನೇ ವರ್ಷದಲ್ಲೇ ಹೋಗಿ ಕಾಣಿ.

ಪ್ರಶ್ನೆ: ಮನೆಯ ಅಡಚಣೆಯಿಂದ ಓದು ಬಿಟ್ಟಿದ್ದೇನೆ. ಗಳಿಸಿದ ಕ್ರೆಡಿಟ್ ಹೋದಂತೆಯೇ?
– ಓದುಗಳು, ಮಾನ್ವಿ

ಉತ್ತರ: ಅಕಾಡೆಮಿಕ್ ಬ್ಯಾಂಕಿಗೆ ಜಮೆಯಾಗಿದ್ದರೆ ಹೆಚ್ಚೆಂದರೆ 7 ವರ್ಷ ಉಳಿಯುತ್ತವೆ. ಬೇರೆ ವಿಶ್ವವಿದ್ಯಾಲಯ ಸೇರಿದರೆ ಪದವಿಯ ಅರ್ಧದಷ್ಟಾದರೂ ಕ್ರೆಡಿಟ್ ಅಲ್ಲೇ ಗಳಿಸಬೇಕು. ಮೊದಲು ಡಿಜಿಲಾಕರ್ ತೆರೆದು ಜಮೆ ಆಗಿದೆಯೇ ನೋಡಿ. ಆಗಿರದಿದ್ದರೆ ಅಂಕಪಟ್ಟಿ ಜೊತೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಅರ್ಜಿ ಕೊಡಿ.