ಹಾಲೊಕಾಸ್ಟ್ ಮ್ಯೂಸಿಯಂ ನೋಡಿದ ಮೇಲೆ ಮಕ್ಕಳೊಡನೆ ಮಾತು

ಪ್ರಶ್ನೆ: ನಮ್ಮ ಕನ್ನಡ ಶಾಲೆಯ 13ರಿಂದ 16 ವರ್ಷದ 18 ಮಕ್ಕಳನ್ನು ವಾಷಿಂಗ್ಟನ್ನಿನ ಹಾಲೊಕಾಸ್ಟ್ (ಹಿಟ್ಲರನ ನಾಜಿಗಳು ನಡೆಸಿದ ಯಹೂದಿಗಳ ಸಾಮೂಹಿಕ ಕೊಲೆ) ಮ್ಯೂಸಿಯಂಗೆ ಕರೆದೊಯ್ಯುತ್ತಿದ್ದೇವೆ. ಆಮೇಲೆ ಎಲ್ಲರೂ ಕೂತು ಮಾತಾಡಬೇಕೆಂದಿದೆ. ಹೇಗೆ ನಡೆಸಬೇಕು?
– ಓದುಗರೊಬ್ಬರು, ವರ್ಜೀನಿಯಾ

ಉತ್ತರ: ಹೊರಗೆ ಬಂದ ಕೂಡಲೇ ‘ಹೇಗನ್ನಿಸ್ತು?’ ಎಂದು ಕೇಳಬೇಡಿ. ‘ತುಂಬಾ ಬೇಜಾರಾಯ್ತು’ ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಮೊದಲು ಕಂಡದ್ದನ್ನು ಕೇಳಿ, ಅನ್ನಿಸಿದ್ದು ತಾನಾಗಿ ಬರುತ್ತದೆ.

ಮುಖ್ಯ ಪ್ರದರ್ಶನ ನಾಲ್ಕನೇ ಮಹಡಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ 1933ರಿಂದ ಶುರುವಾಗಿ ಎರಡನೇ ಮಹಡಿಗೆ ಇಳಿಯುತ್ತದೆ. ಎರಡು-ಮೂರು ಗಂಟೆ ಬೇಕು. ಅಷ್ಟರಲ್ಲಿ ಎಲ್ಲರಿಗೂ ಸುಸ್ತು, ಹಸಿವು. ಊಟ ಮಾಡಿಸಿ, ಅದೇ ಮಧ್ಯಾಹ್ನ ಕೂರಿಸಿ. ವಾರ ಕಳೆದರೆ ಕಂಡದ್ದು ಮಸುಕಾಗಿ, ಫೋನಿನಲ್ಲಿ ಓದಿದ್ದೇ ಉಳಿಯುತ್ತದೆ. ಒಂಬತ್ತು ಮಂದಿಯ ಎರಡು ಗುಂಪು ಮಾಡಿ, ಗುಂಪಿಗೆ ಇಬ್ಬರು ದೊಡ್ಡವರಿರಲಿ. ಒಬ್ಬರು ಮಾತು ನಡೆಸಲಿ. ಇನ್ನೊಬ್ಬರು ಯಾರು ಮಂಕಾದರು, ಯಾರು ಎದ್ದುಹೋದರು ನೋಡಿಕೊಳ್ಳಲಿ.

ಐವತ್ತು ನಿಮಿಷ ಸಾಕು. ಮೊದಲ ಹತ್ತು ನಿಮಿಷ ಮಾತಿಲ್ಲದೆ ಬರೆಯಲಿ: ನಾನು ನಿಂತು ನೋಡಿದ ಒಂದು ವಸ್ತು, ಅದು ಯಾರದ್ದು, ಅದರ ಬಗ್ಗೆ ನನಗೇನು ತಿಳಿಯಲಿಲ್ಲ. ಆಮೇಲೆ ಒಂದು ಸುತ್ತು, ತಲಾ ಒಂದು ನಿಮಿಷ. ‘ಪಾಸ್’ ಎಂದವರನ್ನು ಬಲವಂತ ಮಾಡಬೇಡಿ. ಉಳಿದದ್ದು ಪ್ರಶ್ನೆಗಳಿಗೆ.

ಯಾರೂ ಬಾಯಿ ಬಿಡದಿದ್ದರೆ ಮ್ಯೂಸಿಯಂನಲ್ಲಿರುವ, ಐಶಿಶೋಕ್ ಎಂಬ (ಈಗಿನ ಲಿಥುವೇನಿಯಾದ) ಊರಿನ ಫೋಟೊಗಳ ಗೋಪುರದಿಂದ ಶುರು ಮಾಡಿ. ಮದುವೆ, ಗೆಳೆಯರ ಗುಂಪು, ಮನೆಮಂದಿ: ಅವೆಲ್ಲ ಕೊಲೆಗೆ ಮುಂಚಿನ ದಿನನಿತ್ಯದ ಬದುಕಿನ ಚಿತ್ರ. ಆ ಊರಿನ ಯಹೂದಿಗಳನ್ನು 1941ರ ಸೆಪ್ಟೆಂಬರಿನಲ್ಲಿ ಎರಡೇ ದಿನದಲ್ಲಿ ಕೊಂದರು. ಪೋಲೆಂಡಿನಲ್ಲಿದ್ದ ನಾಜಿಗಳ ಮೈದಾನೆಕ್ ಶಿಬಿರದ ಚಪ್ಪಲಿ-ಬೂಟುಗಳ ರಾಶಿಯಿಂದ ಮಾತು ತೆಗೆದರೆ ಸತ್ತವರು ರಾಶಿಯಾಗಿಯೇ ಉಳಿದುಬಿಡುತ್ತಾರೆ. ವಾರ್ಸಾ ಘೆಟ್ಟೋದ (ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಕೇರಿ) ಹಾಲಿನ ಕ್ಯಾನಿನ ವಿಷಯವೂ ಬರಲಿ. ಅಲ್ಲಿದ್ದ ಇತಿಹಾಸಕಾರ ಎಮ್ಯಾನುಯೆಲ್ ರಿಂಗೆಲ್‌ಬ್ಲುಮ್ ಮತ್ತು ಸಂಗಡಿಗರು ಘೆಟ್ಟೋದ ಬದುಕಿನ ಬಗ್ಗೆ ಗುಟ್ಟಾಗಿ ಕಲೆಹಾಕಿದ ಕಾಗದಪತ್ರಗಳನ್ನು ಇಂಥ ಕ್ಯಾನು, ಡಬ್ಬಿಗಳಲ್ಲಿ ಹೂತಿಟ್ಟರು. ಒಂದು ಪಾಲು 1946ರಲ್ಲಿ, ಇನ್ನೊಂದು 1950ರಲ್ಲಿ ಸಿಕ್ಕಿತು. ‘ಸುಮ್ಮನೆ ಯಾಕೆ ಸತ್ತರು?’ ಎನ್ನುವವರಿಗೆ ಅದೇ ಉತ್ತರ: ಹಾಗೆ ದಾಖಲಿಸಿ ಹೂತಿಟ್ಟದ್ದೂ ಹೋರಾಟವೇ.

‘ಯಾಕೆ ಓಡಿಹೋಗಲಿಲ್ಲ?’ ಅಂತಲೂ ಖಂಡಿತ ಕೇಳುತ್ತಾರೆ. ಅಂಕಿಯನ್ನೇ ಕೊಡಿ. 1933ರಲ್ಲಿ ಜರ್ಮನಿಯಲ್ಲಿದ್ದ ಸುಮಾರು ಐದು ಲಕ್ಷ ಯಹೂದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಯುದ್ಧಕ್ಕೆ ಮುಂಚೆಯೇ ಹೊರಟುಹೋಗಿದ್ದರು. ಉಳಿದವರಿಗೆ ವೀಸಾ ಕೊಡುವವರಿರಲಿಲ್ಲ: 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳು ಸೇರಿದರೂ ಹೆಚ್ಚಿನವು ಬಾಗಿಲು ತೆರೆಯಲಿಲ್ಲ. 1939ರಲ್ಲಿ 937 ಮಂದಿಯನ್ನು (ಹೆಚ್ಚಿನವರು ಯಹೂದಿ ನಿರಾಶ್ರಿತರು) ಹೊತ್ತ ‘ಸೇಂಟ್ ಲೂಯಿಸ್’ ಹಡಗಿನಲ್ಲಿ ಕೆಲವರನ್ನಷ್ಟೇ ಕ್ಯೂಬಾದ ಹವಾನಾ ಇಳಿಸಿಕೊಂಡಿತು, ಅಮೆರಿಕ ಒಬ್ಬರನ್ನೂ ಬಿಟ್ಟುಕೊಳ್ಳಲಿಲ್ಲ. ಯುರೋಪಿಗೆ ಮರಳಿದವರಲ್ಲಿ 254 ಮಂದಿ ಮುಂದೆ ಸತ್ತರು. ಹಾಲೊಕಾಸ್ಟಿನಲ್ಲಿ ಸತ್ತ 60 ಲಕ್ಷ ಯಹೂದಿಗಳಲ್ಲಿ ಹೆಚ್ಚಿನವರು ಪೋಲೆಂಡ್, ಸೋವಿಯತ್ ನೆಲದವರು. ಜರ್ಮನ್ ಸೈನ್ಯವೇ ಅವರ ಊರಿಗೆ ನುಗ್ಗಿತ್ತು.

ನಮ್ಮ ಮಕ್ಕಳಿಂದ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: ಸ್ವಸ್ತಿಕ. ನಾಜಿ ಪಕ್ಷ ಅದನ್ನು 1920ರಲ್ಲಿ ತನ್ನ ಬಾವುಟಕ್ಕೆ ತೆಗೆದುಕೊಂಡಿತು. 1935ರಲ್ಲಿ ಅದೇ ದೇಶದ ಬಾವುಟವಾಯಿತು. ನಮ್ಮಲ್ಲಿ ಅದು ಶುಭದ ಗುರುತು, ಆ ಬಾವುಟದಡಿ ನರಳಿದವರ ಕಣ್ಣಿಗೆ ಹಾಗಲ್ಲ. ಎರಡನ್ನೂ ಹೇಳಿ ಮುಂದೆ ಹೋಗಿ. ಇಲ್ಲವಾದರೆ (ದೊಡ್ಡವರಿಂದಲೇ ಹೆಚ್ಚು) ಇಡೀ ಹೊತ್ತು ನಮ್ಮ ಸ್ವಸ್ತಿಕದ ವಕಾಲತ್ತಿಗೇ ಹೋಗುತ್ತದೆ.

‘ನೀನು ಕೈದಿ, ನೀನು ಕಾವಲುಗಾರ’ ಎಂಬ ಆಟ ಆಡಿಸಬೇಡಿ. ಹುಡುಗರಿಗೆ ಅದು ನಾಟಕ. ಶಿಬಿರವೆಂದರೆ ಇಷ್ಟೇ ಎಂಬ ತಪ್ಪು ತಿಳಿವಳಿಕೆ ಉಳಿಯುತ್ತದೆ. ದೇಶ ವಿಭಜನೆಯೊಡನೆ ತಕ್ಕಡಿಯಲ್ಲಿಟ್ಟು ತೂಗುವುದೂ ಬೇಡ. ಯಾರಾದರೂ ಕಿಸಕ್ಕೆಂದರೆ ಎಲ್ಲರೆದುರು ಗದರಬೇಡಿ, ಹೆಚ್ಚಿನ ಸಲ ಅದು ಗಾಬರಿ. ಆಮೇಲೆ ಒಬ್ಬರನ್ನೇ ಕರೆದು ಮಾತಾಡಿಸಿ.

ಪ್ರಶ್ನೆ: ಅಕ್ಕನ ಜೊತೆ ಎಂಟು ವರ್ಷದ ತಮ್ಮನೂ ಬರಬಹುದೇ?

ಉತ್ತರ: ಮುಖ್ಯ ಪ್ರದರ್ಶನಕ್ಕೆ ಬೇಡ. 11 ವರ್ಷ ಹಾಗೂ ಮೇಲಿನವರಿಗೆ ಎಂದು ಮ್ಯೂಸಿಯಂನವರೇ ಸಲಹೆ ಕೊಡುತ್ತಾರೆ. ಒಬ್ಬ ದೊಡ್ಡವರು ಅವನೊಡನೆ ಹೊರಗಿರಲಿ; ಮಧ್ಯಾಹ್ನದ ಮಾತುಕತೆಗೂ ಕೂರಿಸಬೇಡಿ.