ವೃದ್ಧರ ಆರೈಕೆ ಕೇಂದ್ರದಲ್ಲಿ ವೈರಸ್ ಸೋಂಕು ಹರಡಿದಾಗ ಅಲ್ಲಿನ ಹಿರಿಯರನ್ನು ಕಾಪಾಡುವುದು ಹೇಗೆ?

ಮೊದಲು ಸಿಬ್ಬಂದಿಯ ಕಡೆ ಗಮನ ಕೊಡಬೇಕು. ಹಾಸಿಗೆ ಬಿಟ್ಟೇಳಲಾಗದ ಹಿರಿಯರ ಬಳಿಗೆ ವೈರಸ್ ಬರುವುದು ಬಹುಮಟ್ಟಿಗೆ ಹೊರಗಿನಿಂದ ಬಂದುಹೋಗುವವರ ಮೂಲಕವೇ. 2020ರ ಫೆಬ್ರುವರಿ ಕೊನೆಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿರ್ಕ್‌ಲ್ಯಾಂಡ್‌ನಲ್ಲಿರುವ ಆರೈಕೆ ಕೇಂದ್ರವೊಂದರಲ್ಲಿ ಕೋವಿಡ್ ಪತ್ತೆಯಾಯಿತು. ಮಾರ್ಚ್ 18ರ ಹೊತ್ತಿಗೆ 101 ನಿವಾಸಿಗಳು, 50 ಸಿಬ್ಬಂದಿ ಹಾಗೂ 16 ಸಂದರ್ಶಕರಲ್ಲಿ ಸೋಂಕು ದೃಢಪಟ್ಟಿತ್ತು. ರೋಗಲಕ್ಷಣವಿದ್ದೂ ಕೆಲಸಕ್ಕೆ ಬಂದದ್ದು ಮತ್ತು ಒಬ್ಬರೇ ಹಲವು ಕೇಂದ್ರಗಳಲ್ಲಿ ದುಡಿಯುತ್ತಿದ್ದದ್ದು ಸೋಂಕು ಹಬ್ಬಲು ನೆರವಾದವು ಎಂದು ಆರೋಗ್ಯಾಧಿಕಾರಿಗಳು ಗುರುತಿಸಿದರು. ಆದ್ದರಿಂದ ಜ್ವರ ಬಂದ ಆಯಾಗೆ ಸಂಬಳ ಕಡಿತವಿಲ್ಲದ ರಜೆ ಕೊಡುವುದನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ.

ಲಕ್ಷಣ ಕಾಣಲೆಂದು ಕಾಯುತ್ತ ಕೂರುವುದು ಅಪಾಯಕರ. ಕಿರ್ಕ್‌ಲ್ಯಾಂಡ್ ಇರುವ ಕೌಂಟಿಯ (ಅಂದರೆ ಜಿಲ್ಲೆಯ) ಇನ್ನೊಂದು ಆರೈಕೆ ಕೇಂದ್ರದಲ್ಲಿ 76 ಮಂದಿಯನ್ನು ಪರೀಕ್ಷಿಸಿದಾಗ ಸೋಂಕಿತರಾದ 23 ಮಂದಿಯಲ್ಲಿ 13 ಮಂದಿಗೆ ಆ ದಿನ ಯಾವ ಲಕ್ಷಣವೂ ಇರಲಿಲ್ಲ. ವಯಸ್ಸಾದವರಲ್ಲಿ ಜ್ವರವೇ ಬಾರದೆ, ಊಟ ಬೇಡವೆನ್ನುವುದು, ದಿಢೀರನೆ ಮಂಕಾಗುವುದು ಮಾತ್ರ ಕಾಣಬಹುದು. ಒಬ್ಬರಿಗೆ ಸೋಂಕು ತಗುಲಿದೊಡನೆ ಎಲ್ಲರನ್ನೂ ಪರೀಕ್ಷಿಸಿ, ಸೋಂಕಿತರಿಗೆ ಬೇರೆ ಕೋಣೆ, ಬೇರೆ ಆಯಾ ಏರ್ಪಡಿಸಬೇಕು. ಒಬ್ಬರ ಡೈಪರ್ ಬದಲಿಸಿದ ಕೈಗವಸಿನಲ್ಲೇ ಪಕ್ಕದವರಿಗೆ ಮಾತ್ರೆ ಕೊಡಬಾರದು. ಅದನ್ನು ಕಳಚಿ, ಕೈ ತೊಳೆದೇ ಮುಂದಿನ ಹಾಸಿಗೆಗೆ ಹೋಗಬೇಕು. ಕಿಟಕಿ ತೆರೆದಿಡುವುದು ಮತ್ತು ಲಸಿಕೆ ಹಾಕಿಸುವುದು ಇದ್ದೇ ಇವೆ. ಭೇಟಿ ನಿಲ್ಲಿಸಬೇಕಾಗಿ ಬಂದರೆ ಪ್ರತಿದಿನ ಮಕ್ಕಳೊಡನೆ ವಿಡಿಯೊ ಕರೆ ಮಾಡಿಸುವ ಹೊಣೆಯನ್ನು ಒಬ್ಬ ಸಿಬ್ಬಂದಿಗೆ ವಹಿಸಬೇಕು.